ಕಿರೀಟವಿಲ್ಲದ ದೊರೆ: ಬಾತ್ ಪಟ್ಟಣದ ಬ್ಯೂ ನ್ಯಾಶ್

ಒಂದು ಊರಿಗೆ ಪ್ರವಾಸಿಗಳು ಬರಬೇಕಾದರೆ ಅಲ್ಲಿ ಬೆಟ್ಟವೋ, ಜಲಪಾತವೋ, ಪುರಾತನ ದೇವಾಲಯವೋ ಇದ್ದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗೆ ಇದೆ. ಅದು ಅರ್ಧ ಸತ್ಯ ಮಾತ್ರ. ಬೆಟ್ಟವನ್ನು ನೋಡಲು ಜನರು ಒಮ್ಮೆ ಬರುತ್ತಾರೆ. ಮಲಗಲು ಶುಚಿಯಾದ ಕೋಣೆ, ಮೋಸವಿಲ್ಲದ ದರ, ರಾತ್ರಿಯೂ ನಿರ್ಭಯವಾಗಿ ನಡೆಯಬಲ್ಲ ಬೀದಿ, ಸಂಜೆಯ ಹೊತ್ತಿಗೆ ಒಂದಿಷ್ಟು ವಿನೋದ, ಎಲ್ಲಕ್ಕೂ ಮಿಗಿಲಾಗಿ ಬಂದವನನ್ನು ಬಂದವನೆಂದು ಗುರುತಿಸುವ ಒಂದು ಮುಖ, ಇಷ್ಟು ಸಿಕ್ಕಿದರೆ ಮಾತ್ರ ಅವರು ಎರಡನೆಯ ಸಲ ಬರುತ್ತಾರೆ. ಹೊಟೇಲಿನ ಗಲ್ಲೆಯ ಹಿಂದೆ ಬಹುಕಾಲ ಕುಳಿತು, ಆಮೇಲೆ ಲೇಖನಿ ಹಿಡಿದ ನಮಗೆ ಇದು ಪುಸ್ತಕದಿಂದ ಕಲಿತ ಮಾತಲ್ಲ.

ಈ ಮಾತಿಗೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಒಂದು ಸೊಗಸಾದ ನಿದರ್ಶನ ಉಂಟು. ಸುಮಾರು ಮುನ್ನೂರು ವರ್ಷಗಳ ಹಿಂದೆ ಬಾತ್ ಎಂಬ ಒಂದು ಸಣ್ಣ, ಕೊಳಕು, ಇಕ್ಕಟ್ಟಾದ ಊರನ್ನು ಇಡೀ ರಾಜ್ಯದ ಅತಿಥಿಗೃಹವನ್ನಾಗಿ ಮಾಡಿದ ಮನುಷ್ಯನೊಬ್ಬನಿದ್ದನು. ಅವನು ಅರಸನಲ್ಲ, ಮಂತ್ರಿಯಲ್ಲ, ಧನಿಕನೂ ಅಲ್ಲ. ಅವನಿಗೆ ಊರಿನಲ್ಲಿ ಒಂದು ಗೇಣು ಭೂಮಿಯೂ ಇರಲಿಲ್ಲ. ರಿಚರ್ಡ್ ನ್ಯಾಶ್ ಎಂಬುದು ಅವನ ಹೆಸರು. ಶೋಕಿಲಾಲ ಎಂಬರ್ಥದ ಬ್ಯೂ ಎಂಬ ಬಿರುದು ಸೇರಿ ಜಗತ್ತಿಗೆ ಅವನು ಬ್ಯೂ ನ್ಯಾಶ್ ಆದನು. ಅತಿಥಿಸೇವೆಯಿಂದಲೇ ಅನ್ನ ತಿನ್ನುವ ನಮ್ಮ ವಾಚಕರು ಈತನ ಬಾಳನ್ನು ತಿಳಿದಿರುವುದು ಒಳ್ಳೆಯದೆಂದು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ. ಅದರಲ್ಲಿ ಅನುಕರಿಸತಕ್ಕದ್ದು ಎಷ್ಟಿದೆಯೋ ಎಚ್ಚರಿಕೆಯಿಂದ ದೂರವಿಡತಕ್ಕದ್ದೂ ಅಷ್ಟೇ ಇದೆ.

ಹುಟ್ಟು ಮತ್ತು ತಾರುಣ್ಯ

ನ್ಯಾಶನು 1674ರ ಅಕ್ಟೋಬರ್ 18ರಂದು ವೇಲ್ಸ್ ಪ್ರಾಂತದ ಸ್ವಾನ್ಸೀ ಎಂಬ ಸಮುದ್ರತೀರದ ಊರಿನಲ್ಲಿ ಹುಟ್ಟಿದನು. ತಂದೆಗೆ ಗಾಜಿನ ಕಾರಖಾನೆಯೊಂದರಲ್ಲಿ ಪಾಲಿತ್ತು. ಮನೆಯಲ್ಲಿ ಸಿರಿತನವಿರಲಿಲ್ಲ, ಬಡತನವೂ ಇರಲಿಲ್ಲ. ಮಗನು ದೊಡ್ಡ ವಕೀಲನಾಗಲೆಂದು ತಂದೆಯು ಅವನನ್ನು ಆಕ್ಸ್‌ಫರ್ಡಿನ ಜೀಸಸ್ ಕಾಲೇಜಿಗೆ ಕಳುಹಿಸಿದನು. ಮಗನಿಗೆ ಓದಿಗಿಂತ ಉಡುಪಿನ ಮೇಲೆ, ಉಡುಪಿಗಿಂತ ಗೆಳೆತನಗಳ ಮೇಲೆ ಮನಸ್ಸು ಹೆಚ್ಚು. ಪದವಿ ದೊರೆಯುವ ಮೊದಲೇ ಕಾಲೇಜು ಬಿಟ್ಟನು. ಸೈನ್ಯದಲ್ಲಿ ಕಿರಿಯ ಅಧಿಕಾರಿಯ ಹುದ್ದೆಯನ್ನು ಕೊಂಡನು. ಅಲ್ಲಿಯ ಶಿಸ್ತು ಮೈಗೆ ಒಗ್ಗದೆ ಅದನ್ನೂ ಬಿಟ್ಟನು. ಕೊನೆಗೆ ಲಂಡನ್ನಿಗೆ ಬಂದು ಕಾನೂನು ಕಲಿಯುವವರ ಸಂಸ್ಥೆಯನ್ನು ಸೇರಿದನು.

ಕಾನೂನು ಅವನಿಗೆ ಒಲಿಯಲಿಲ್ಲ. ಆದರೆ ಹತ್ತು ಜನರನ್ನು ಸೇರಿಸಿ ಒಂದು ಸಮಾರಂಭವನ್ನು ಅಚ್ಚುಕಟ್ಟಾಗಿ ನಡೆಸುವ ವಿದ್ಯೆಯು ಹುಟ್ಟಿನಿಂದಲೇ ಬಂದಿತ್ತು. 1695ರಲ್ಲಿ ಮೂರನೆಯ ವಿಲಿಯಂ ದೊರೆಯ ಎದುರಿನಲ್ಲಿ ಕಾನೂನು ವಿದ್ಯಾರ್ಥಿಗಳು ನಡೆಸಿದ ವಿನೋದಕೂಟದ ಏರ್ಪಾಡು ನ್ಯಾಶನ ಪಾಲಿಗೆ ಬಂದಿತು. ದೊರೆಯು ಅದನ್ನು ಬಹಳವಾಗಿ ಮೆಚ್ಚಿ ಸರ್ ಪದವಿಯನ್ನು ಕೊಡಲು ಮುಂದಾದನು. ಕೈಯಲ್ಲಿ ಕಾಸಿಲ್ಲದವನಿಗೆ ಬರಿಯ ಬಿರುದು ಹೊರೆಯಾದೀತೆಂದು ಇವನು ವಿನಯದಿಂದ ತಪ್ಪಿಸಿಕೊಂಡನಂತೆ.

ಇದೇ ಕಾಲದ ಇನ್ನೊಂದು ಕಥೆ ಅವನ ಸ್ವಭಾವಕ್ಕೆ ಕನ್ನಡಿಯಾಗಿದೆ. ಸಂಸ್ಥೆಯ ಖರ್ಚುವೆಚ್ಚದ ಲೆಕ್ಕವನ್ನು ಒಪ್ಪಿಸುವಾಗ ಒಬ್ಬ ಮನುಷ್ಯನನ್ನು ಸುಖಿಯಾಗಿ ಮಾಡಿದ್ದಕ್ಕೆ 10 ಪೌಂಡು ಎಂಬ ಬಾಬತ್ತು ಅದರಲ್ಲಿ ಕಂಡುಬಂದಿತು. ಹಿರಿಯರು ವಿವರಣೆ ಕೇಳಿದರು. ದೊಡ್ಡ ಸಂಸಾರದ ಬಡವನೊಬ್ಬನು ಹತ್ತು ಪೌಂಡು ಸಿಕ್ಕಿದ್ದರೆ ತಾನು ಸುಖಿಯಾಗುತ್ತಿದ್ದೆನೆಂದು ಹೆಂಡತಿಯೊಡನೆ ಹೇಳಿದ್ದು ಇವನ ಕಿವಿಗೆ ಬಿದ್ದಿತ್ತು. ಆ ಮಾತು ನಿಜವೋ ಎಂದು ನೋಡಲು ಇವನು ಹಣ ಕೊಟ್ಟುಬಿಟ್ಟಿದ್ದನು. ಪರರ ಹಣದಿಂದ ಪುಣ್ಯ ಕಟ್ಟಿಕೊಳ್ಳುವ ಈ ಚಾಳಿಯು ಅವನನ್ನು ಕೊನೆಯ ತನಕ ಬಿಡಲಿಲ್ಲ. ಕೈಬರಿದಾದಾಗ ಪಂಥ ಕಟ್ಟುವುದು, ಜೂಜಾಡುವುದು, ಗೆದ್ದದ್ದನ್ನು ಹಂಚುವುದು, ಸೋತರೆ ನಗುವುದು, ಇದೇ ಅವನ ಜೀವನಕ್ರಮವಾಯಿತು.

ಬಾತ್ ಆಗ ಹೇಗಿತ್ತು?

ಬಾತ್ ಎಂದೊಡನೆ ನಮ್ಮ ಅಡಿಗೆ ಭಟ್ಟರಿಗೆ ವಾಂಗೀಬಾತಿನ ನೆನಪಾದರೆ ಆಶ್ಚರ್ಯವಿಲ್ಲ. ಈ ಬಾತಿಗೆ ಆಂಗ್ಲ ಭಾಷೆಯಲ್ಲಿ ಸ್ನಾನವೆಂದು ಅರ್ಥ. ಲಂಡನ್ನಿನ ಪಶ್ಚಿಮಕ್ಕೆ ಸುಮಾರು 100 ಮೈಲಿ ದೂರದಲ್ಲಿ, ಏವನ್ ನದಿಯ ದಡದಲ್ಲಿರುವ ಈ ಊರಿನಲ್ಲಿ ನೆಲದೊಳಗಿನಿಂದ ಬಿಸಿನೀರು ಉಕ್ಕುತ್ತದೆ. ಮುಖ್ಯವಾದ ಬುಗ್ಗೆಯ ನೀರಿನ ಶಾಖ ಸುಮಾರು 46 ಡಿಗ್ರಿ ಸೆಂಟಿಗ್ರೇಡ್. ದಿನವೊಂದಕ್ಕೆ ಹತ್ತು ಲಕ್ಷ ಲೀಟರಿಗೂ ಮಿಕ್ಕಿದ ನೀರು ಹೊರಬರುತ್ತದೆ. ವಜ್ರೇಶ್ವರಿಯ ಬಿಸಿನೀರಿನ ಕುಂಡಗಳಲ್ಲಿ ಮಿಂದುಬಂದಿರುವ ಮುಂಬಯಿಯ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡು ಸಾವಿರ ವರ್ಷಗಳ ಹಿಂದೆ ರೋಮನರು ಇಂಗ್ಲೆಂಡನ್ನು ಆಳುತ್ತಿದ್ದಾಗ ಇಲ್ಲಿ ಭವ್ಯವಾದ ಸ್ನಾನಗೃಹವನ್ನೂ ದೇವಾಲಯವನ್ನೂ ಕಟ್ಟಿದ್ದರು. ಅವರು ಹೋದ ಮೇಲೆ ಅವೆಲ್ಲವೂ ಕುಸಿದು ಮಣ್ಣಿನಡಿಗೆ ಸೇರಿದುವು. ವಾಚಕರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಇಂದು ಲೋಕದ ಎಲ್ಲ ಕಡೆಗಳಿಂದ ಜನರು ನೋಡಲು ಬರುವ ಆ ರೋಮನ್ ಸ್ನಾನಗೃಹದ ದೊಡ್ಡ ಕೊಳವು ಹೊರಬಿದ್ದದ್ದು 1880ರ ಸುಮಾರಿಗೆ. ನ್ಯಾಶನು ಅದರ ಮೇಲೆಯೇ ಅರ್ಧ ಶತಮಾನ ಓಡಾಡಿದರೂ ಅದು ಅಲ್ಲಿದೆಯೆಂದು ಅರಿಯನು. ತೋರಿಸಲು ಒಂದು ಪುರಾತನ ವೈಭವವೂ ಇಲ್ಲದ ಊರಿಗೆ ಅವನು ಜನರನ್ನು ಕರೆತಂದನು.

1702 ಮತ್ತು 1703ರಲ್ಲಿ ಆನ್ ರಾಣಿಯು ಚಿಕಿತ್ಸೆಗಾಗಿ ಬಾತಿಗೆ ಬಂದಳು. ರಾಣಿ ಬಂದಲ್ಲಿಗೆ ದರಬಾರಿನವರೂ ಅವರ ಹಿಂದೆ ಹಣವಂತರೂ ಬಂದರು. ಆದರೆ ಊರು ಅದಕ್ಕೆ ಸಿದ್ಧವಾಗಿರಲಿಲ್ಲ. ಒಟ್ಟು ಜನಸಂಖ್ಯೆ ಎರಡು ಮೂರು ಸಾವಿರ. ಬಿಡಾರದ ಕೋಣೆಗಳಲ್ಲಿ ನೆಲದ ಕೊಳೆಯು ಕಾಣಬಾರದೆಂದು ಮಸಿಯನ್ನೂ ತೆಳುವಾದ ಬಿಯರನ್ನೂ ಕಲಸಿ ಹಲಗೆಗಳಿಗೆ ಕಂದು ಬಣ್ಣ ಬಳಿಯುತ್ತಿದ್ದರೆಂದು ಆ ಊರಿನ ವಾಸ್ತುಶಿಲ್ಪಿ ಜಾನ್ ವುಡ್ ಬರೆದಿಟ್ಟಿದ್ದಾನೆ. ಕೊಳೆಯನ್ನು ತೊಳೆಯುವುದಕ್ಕಿಂತ ಕೊಳೆಯ ಬಣ್ಣವನ್ನೇ ಬಳಿಯುವುದು ಸುಲಭವೆಂದು ತಿಳಿದ ಊರು ಅದು! ಬೀದಿಗಳಲ್ಲಿ ದೀಪವಿಲ್ಲ. ಮೇನೆ ಹೊರುವ ಬೋಯಿಗಳು ಬಾಯಿಗೆ ಬಂದ ಕೂಲಿಯನ್ನು ಕೇಳುವರು, ಕೊಡದವನನ್ನು ಬೈಯುವರು. ನೃತ್ಯಶಾಲೆಗೆ ಗಂಡಸರು ಕೆಸರು ಮೆತ್ತಿದ ಬೂಟುಗಳಲ್ಲಿ ಬರುವರು, ಹೆಂಗಸರ ಮುಂದೆ ಹೊಗೆ ಬಿಡುವರು. ಸಣ್ಣ ಮಾತಿಗೆ ಸೊಂಟದ ಕತ್ತಿ ಒರೆಯಿಂದ ಹೊರಬರುವುದು.

ಇಂತಹ ಊರಿಗೆ 1705ರಲ್ಲಿ ನ್ಯಾಶನು ಬಂದನು. ಊರನ್ನು ಉದ್ಧರಿಸುವ ಸಂಕಲ್ಪವೇನೂ ಅವನಿಗೆ ಇರಲಿಲ್ಲ. ಹಣವಂತರು ಸೇರುವಲ್ಲಿ ಜೂಜು ಚೆನ್ನಾಗಿ ನಡೆಯುತ್ತದೆಂದು ಬಂದನು, ಅಷ್ಟೆ. ಅಲ್ಲಿಯ ವಿನೋದಕೂಟಗಳನ್ನು ನೋಡಿಕೊಳ್ಳುತ್ತಿದ್ದ ಕ್ಯಾಪ್ಟನ್ ವೆಬ್‌ಸ್ಟರ್ ಎಂಬವನು ದ್ವಂದ್ವಯುದ್ಧದಲ್ಲಿ ಮಡಿದನು. ತೆರವಾದ ಸಮಾರಂಭಾಧಿಕಾರಿಯ ಸ್ಥಾನವು ನ್ಯಾಶನಿಗೆ ಬಂದಿತು. ಈ ಹುದ್ದೆಗೆ ಸಂಬಳವಿರಲಿಲ್ಲ. ಸಂಬಳವಿಲ್ಲವೆಂಬ ಈ ಸಣ್ಣ ಸಂಗತಿಯೇ ಮುಂದೆ ಅವನ ಬಾಳಿನ ದೊಡ್ಡ ಸಂಗತಿಯಾಗುವುದನ್ನು ನಾವು ನೋಡಲಿದ್ದೇವೆ.

ಊರನ್ನು ತಿದ್ದಿದ ಬಗೆ

ಮೊದಲು ಅವನು ಸಂಗೀತವನ್ನು ತಂದನು. ಈ ಸಂಬಂಧದಲ್ಲಿ ಒಂದು ಕಥೆಯಿದೆ. ವೈದ್ಯನೊಬ್ಬನು ಊರಿನವರ ಮೇಲೆ ಮುನಿದು, ಬಾತಿನ ನೀರು ನಿಷ್ಪ್ರಯೋಜಕವೆಂದು ಪುಸ್ತಕ ಬರೆದು ಬುಗ್ಗೆಯೊಳಕ್ಕೆ ಕಪ್ಪೆಯನ್ನು ಎಸೆಯುವೆನೆಂದು ಬೆದರಿಸಿದನಂತೆ. ಕಪ್ಪೆಯ ವಿಷವನ್ನು ಸಂಗೀತದಿಂದ ಇಳಿಸಿದರಾಯಿತೆಂದು ನ್ಯಾಶನು ನಕ್ಕು, ಒಳ್ಳೆಯ ವಾದ್ಯಗಾರರ ತಂಡವನ್ನು ಕರೆಸಿ ಬುಗ್ಗೆಯ ಬಳಿಯಲ್ಲಿ ಬೆಳಗಿನ ಹೊತ್ತು ನುಡಿಸುವ ಏರ್ಪಾಡು ಮಾಡಿದನು. ಅದರ ವೆಚ್ಚಕ್ಕೆ ಬಂದ ಅತಿಥಿಗಳಿಂದಲೇ ವಂತಿಗೆಯನ್ನು ಎತ್ತಿದನು. ವೈದ್ಯನ ನಿಂದೆಗೆ ಪ್ರತಿನಿಂದೆ ಬರೆಯುತ್ತ ಕೂರದೆ ಅತಿಥಿಗಳಿಗೆ ಇನ್ನೊಂದು ಸುಖವನ್ನು ಒದಗಿಸಿದ್ದು ಅವನ ಜಾಣತನ. ನೆರೆಯ ಹೊಟೇಲಿನವನು ಅಪಪ್ರಚಾರ ಮಾಡುತ್ತಾನೆಂದು ಕೊರಗುವ ನಮ್ಮ ಮಾಲಿಕ ಮಿತ್ರರು ಇದನ್ನು ಗಮನಿಸಬಹುದು.

1706ರಲ್ಲಿ ನೀರು ಕುಡಿಯುವವರಿಗಾಗಿ ಪಂಪ್ ರೂಮ್ ಎಂಬ ಮಂದಿರ ತೆರೆಯಿತು. ಅದರವರೆಗೆ ಮಳೆಯಲ್ಲಿ ಬಿಸಿಲಿನಲ್ಲಿ ನಿಂತು ಕುಡಿಯಬೇಕಾಗಿತ್ತು. 1708ರಲ್ಲಿ ಥಾಮಸ್ ಹ್ಯಾರಿಸನ್ ಎಂಬವನು ಸಭಾಗೃಹವನ್ನು ಕಟ್ಟಿದನು. ಡೇರೆಯಲ್ಲಿ ಚಹ ಕುಡಿದು ಇಸ್ಪೀಟು ಆಡುತ್ತಿದ್ದವರಿಗೆ ನೆತ್ತಿಯ ಮೇಲೊಂದು ಮಾಡು ಬಂದಿತು. ಊರಿಗೆ ಬರುವ ರಸ್ತೆಗಳ ದುರಸ್ತಿಗೆ ವಂತಿಗೆ ಕೂಡಿತು. ಬೀದಿಗಳನ್ನು ಗುಡಿಸುವ, ದೀಪ ಹಚ್ಚುವ ವ್ಯವಸ್ಥೆಯಾಯಿತು.

ಆಮೇಲೆ ಬಿಡಾರಗಳ ದರ. ಋತುಕಾಲದಲ್ಲಿ ಒಂದು ಕೋಣೆಗೆ ವಾರಕ್ಕೆ 10 ಶಿಲ್ಲಿಂಗ್, ಸೇವಕರು ಮಲಗುವ ಅಟ್ಟದ ಕೋಣೆಗೆ 5 ಶಿಲ್ಲಿಂಗ್ ಎಂಬ ಪದ್ಧತಿ ನಿಂತಿತು. ಮನೆಯವರು ಗೊಣಗಿದರು. ಆದರೆ ಅತಿಥಿಗೆ ಲಂಡನ್ನಿನಲ್ಲಿ ಕುಳಿತೇ ತನ್ನ ಖರ್ಚನ್ನು ಅಂದಾಜು ಮಾಡಲು ಸಾಧ್ಯವಾದಾಗ ಬರುವವರ ಸಂಖ್ಯೆ ಹೆಚ್ಚಿತು. ಗೊಣಗಿದವರೇ ಮನೆಗೆ ಹೊಸ ಕೋಣೆಗಳನ್ನು ಕಟ್ಟಿಸಿದರು, ನೆಲದ ಮಸಿ ಬಳಿಯುವುದನ್ನು ಬಿಟ್ಟು ಜಮಖಾನೆ ಹಾಸಿದರು. ಬೋಯಿಗಳಿಗೆ ಪರವಾನೆಯೂ ದೂರಕ್ಕೆ ತಕ್ಕ ನಿಶ್ಚಿತ ಕೂಲಿಯೂ ಬಂದುವು. ಗೋಡೆಗೆ ದರಪಟ್ಟಿಯನ್ನು ತೂಗಹಾಕುವುದು ಗಿರಾಕಿಗೆ ಮಾಡುವ ಉಪಕಾರವೆಂದು ಕೆಲವರು ತಿಳಿಯುತ್ತಾರೆ. ಅದರಿಂದ ಹೆಚ್ಚಿನ ಉಪಕಾರ ಅಂಗಡಿಗೇ ಆಗುತ್ತದೆಂಬುದು ಬಾತಿನಲ್ಲಿ ಸಿದ್ಧವಾಯಿತು.

ಕತ್ತಿಯ ವಿಷಯದಲ್ಲಿ ಅವನು ಕಠಿನನಾಗಿದ್ದನು. ಇಬ್ಬರು ಜೂಜುಗಾರರು ರಾತ್ರಿ ಪಂಜಿನ ಬೆಳಕಿನಲ್ಲಿ ಕಾದಾಡಿ ಒಬ್ಬನ ಮೈಯಲ್ಲಿ ಕತ್ತಿ ಹಾಯ್ದ ಪ್ರಸಂಗವಾದ ಮೇಲೆ ಊರಿನೊಳಗೆ ಯಾರೂ ಕತ್ತಿ ಧರಿಸಕೂಡದೆಂದು ನಿಯಮ ಮಾಡಿದನು. ಕತ್ತಿಯೇ ಕುಲೀನತೆಯ ಗುರುತಾಗಿದ್ದ ಕಾಲದಲ್ಲಿ, ಗಾಜಿನ ಕಾರಖಾನೆಯವನ ಮಗನೊಬ್ಬನು ಸರದಾರರ ಸೊಂಟದಿಂದ ಅದನ್ನು ಬಿಚ್ಚಿಸಿದ್ದು ಸಾಮಾನ್ಯ ಕೆಲಸವಲ್ಲ.

ಬೂಟುಗಳನ್ನು ಬಿಡಿಸಿದ್ದು ಮಾತ್ರ ನಗೆಯಿಂದ. ಬೂಟು ಮತ್ತು ಮುಳ್ಳುಕೀಲುಗಳಲ್ಲಿ ನೃತ್ಯಕ್ಕೆ ಬಂದ ಹಳ್ಳಿಯ ಜಮೀನುದಾರನನ್ನು ಕಂಡು, ಕುದುರೆಯನ್ನು ಏಕೆ ಒಳಕ್ಕೆ ಕರೆತರಲಿಲ್ಲವೆಂದು ಎಲ್ಲರ ಎದುರಿನಲ್ಲಿ ವಿಚಾರಿಸುತ್ತಿದ್ದನು. ಅದೂ ಸಾಲದೆ ಒಂದು ಗೊಂಬೆಯಾಟ ಆಡಿಸಿದನು. ಅದರಲ್ಲಿ ಗೊಂಬೆಯು ಮಲಗುವಾಗಲೂ ಬೂಟು ಬಿಚ್ಚಲು ಒಪ್ಪುವುದಿಲ್ಲ. ಜನರು ನಕ್ಕರು, ಬೂಟುಗಳು ಬಾಗಿಲ ಹೊರಗೆ ನಿಂತುವು.

ಅವನ ಕಾಲದ ದಿನಚರಿಯು ಗಡಿಯಾರದ ಮುಳ್ಳಿನಂತೆ ನಡೆಯುತ್ತಿತ್ತು. ಹೊಸ ಅತಿಥಿ ಬಂದೊಡನೆ ಇಗರ್ಜಿಯ ಗಂಟೆಗಳು ಮೊಳಗುವುವು, ಬಿಡಾರದ ಬಾಗಿಲಲ್ಲಿ ವಾದ್ಯ ನುಡಿಯುವುದು. ಈ ಸನ್ಮಾನಕ್ಕೆ ಅತಿಥಿಯೇ ಕಾಣಿಕೆ ಕೊಡಬೇಕಾಗಿತ್ತೆಂಬುದು ಬೇರೆ ಮಾತು. ಬೆಳಿಗ್ಗೆ ಸ್ನಾನ, ಅನಂತರ ಪಂಪ್ ರೂಮಿನಲ್ಲಿ ಸಂಗೀತದೊಡನೆ ನೀರಿನ ಸೇವನೆ, ಕಾಫಿಗೃಹದಲ್ಲಿ ವೃತ್ತಪತ್ರಿಕೆ, ಇಗರ್ಜಿಯಲ್ಲಿ ಪ್ರಾರ್ಥನೆ, ಮಧ್ಯಾಹ್ನ ಭೋಜನ, ಸಂಜೆ ವಿಹಾರ. ವಾರಕ್ಕೆ ಎರಡು ದಿನ ಸಂಜೆ ಆರು ಘಂಟೆಗೆ ನೃತ್ಯ ಪ್ರಾರಂಭ, ಹನ್ನೊಂದಕ್ಕೆ ಮುಕ್ತಾಯ. ಹನ್ನೊಂದು ಹೊಡೆದೊಡನೆ ನ್ಯಾಶನು ಬೆರಳೆತ್ತುವನು, ವಾದ್ಯ ನಿಲ್ಲುವುದು. ಎರಡನೆಯ ಜಾರ್ಜ್ ದೊರೆಯ ಮಗಳು ಅಮೀಲಿಯಾ ರಾಜಕುಮಾರಿಯು ಇನ್ನೊಂದೇ ನೃತ್ಯವಾಗಲೆಂದು ಕೇಳಿಕೊಂಡಾಗಲೂ ಅವನು ಒಪ್ಪಲಿಲ್ಲ. ಬಂದವರಲ್ಲಿ ಅನೇಕರು ರೋಗಿಗಳು. ಅವರಿಗೆ ನಿದ್ರೆ ಬೇಕು. ದೊಡ್ಡವರಿಗಾಗಿ ಒಮ್ಮೆ ಮುರಿದ ನಿಯಮವು ಚಿಕ್ಕವರಿಗಾಗಿ ಎಂದಿಗೂ ನಿಲ್ಲುವುದಿಲ್ಲವೆಂಬುದು ಅವನಿಗೆ ತಿಳಿದಿತ್ತು.

ನಡವಳಿಕೆಯ ಹನ್ನೊಂದು ನಿಯಮಗಳನ್ನು ಬರೆಸಿ ಪಂಪ್ ರೂಮಿನಲ್ಲಿ ತೂಗಹಾಕಿದ್ದನು. ಸುಳ್ಳು ಸುದ್ದಿಯನ್ನು ಪಿಸುಗುಟ್ಟುವವನನ್ನೇ ಆ ಸುಳ್ಳಿನ ಕರ್ತನೆಂದು ತಿಳಿಯಲಾಗುವುದೆಂಬ ನಿಯಮವೂ ಅವುಗಳಲ್ಲಿ ಒಂದು. ಕೆನೆಬಣ್ಣದ ಬಿಳಿಯ ಟೋಪಿಯು ಅವನ ಗುರುತಾಗಿತ್ತು. ಯಾರೂ ಕದಿಯದಿರಲೆಂದು ಅಂತಹ ಟೋಪಿ ಧರಿಸುತ್ತೇನೆಂದು ಅವನು ಹೇಳಿಕೊಳ್ಳುತ್ತಿದ್ದನು. ಆರು ಬೂದುಬಣ್ಣದ ಕುದುರೆಗಳ ರಥದಲ್ಲಿ ಕೊಂಬು ಊದಿಸುತ್ತ ಪ್ರಯಾಣಿಸುತ್ತಿದ್ದನು. ಜನರು ಅವನನ್ನು ಬಾತಿನ ದೊರೆಯೆಂದೇ ಕರೆದರು. 1735ರಲ್ಲಿ ಕೆಂಟ್ ಪ್ರಾಂತದ ಟನ್‌ಬ್ರಿಜ್ ವೆಲ್ಸ್ ಎಂಬ ಇನ್ನೊಂದು ಚಿಕಿತ್ಸಾಜಲದ ಊರಿನ ಅಧಿಕಾರವೂ ಅವನಿಗೇ ಬಂದಿತು.

ಏಪ್ರನ್ನಿನ ಪ್ರಸಂಗ

ಒಂದು ಘಟನೆಯನ್ನು ನಮ್ಮ ವಾಚಕರ ದೃಷ್ಟಿಯಿಂದ ಬೇರೆಯಾಗಿಯೇ ಹೇಳಬೇಕಾಗಿದೆ. ಕ್ವೀನ್ಸ್‌ಬರಿಯ ಡಚೆಸ್ ಎಂಬ ಮಹಾ ಶ್ರೀಮಂತಳು ಬಿಳಿಯ ಏಪ್ರನ್ ತೊಟ್ಟು ನೃತ್ಯಸಭೆಗೆ ಬಂದಳು. ನ್ಯಾಶನು ಅದನ್ನು ಬಿಚ್ಚಿಸಿ ಹಿಂದಿನ ಸಾಲಿನಲ್ಲಿದ್ದ ದಾಸಿಯರ ಕಡೆಗೆ ಎಸೆದನು. ಏಪ್ರನ್ ತೊಡತಕ್ಕವರು ಸೇವಕಿಯರು ಮಾತ್ರ ಎಂಬುದು ಅವನ ಅಭಿಪ್ರಾಯವಾಗಿತ್ತು. ಡಚೆಸಳು ಕೋಪಗೊಳ್ಳದೆ ತಲೆಬಾಗಿದಳು. ಆಂಗ್ಲ ಲೇಖಕರು ಇದನ್ನು ನ್ಯಾಶನ ಧೈರ್ಯಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಧೈರ್ಯವೇನೋ ನಿಜ. ಆದರೆ ದಿನದ ಹನ್ನೆರಡು ತಾಸು ಏಪ್ರನ್ ತೊಟ್ಟು ದುಡಿಯುವವರು ಅದನ್ನು ಓದುವಾಗ ಆ ಹಿಂದಿನ ಸಾಲಿನಲ್ಲಿ ಕುಳಿತಿದ್ದವರ ಮುಖವನ್ನೂ ನೆನೆಯುತ್ತಾರೆ.

ಡ್ಯೂಕನೂ ಸಾಮಾನ್ಯ ವರ್ತಕನೂ ಒಂದೇ ಸಭೆಯಲ್ಲಿ ಕೂಡುವಂತೆ ಮಾಡಿದ್ದು ನ್ಯಾಶನ ಸಾಧನೆಯೆನ್ನುವುದು ಸರಿ. ಅಲ್ಲಿಯ ತನಕ ಇಂಗ್ಲೆಂಡಿನಲ್ಲಿ ಅಂತಹ ಸಮಾಗಮವು ಅಪೂರ್ವವಾಗಿತ್ತು. ಆದರೆ ಅವನ ಸಮಾನತೆಯು ವಂತಿಗೆ ಕೊಡಬಲ್ಲವರ ಸಮಾನತೆ. ನೀರು ಹೊತ್ತವರು, ಮೇನೆ ಹೊತ್ತವರು, ನೆಲ ಒರಸಿದವರು ಅದರ ಹೊರಗಿದ್ದರು. ಆ ವಂತಿಗೆಯ ಹಣವಾದರೂ ಎಲ್ಲಿಂದ ಬಂದಿತು? ವೆಸ್ಟ್ ಇಂಡೀಸಿನಲ್ಲಿ ಗುಲಾಮರಿಂದ ದುಡಿಸಿ ಬೆಳೆಸಿದ ಸಕ್ಕರೆಯ ಲಾಭದಿಂದ ಬಂದದ್ದು ಅದರಲ್ಲಿ ಬಹಳವಿತ್ತು. ಮುಂದೆ ನಮ್ಮ ದೇಶದಿಂದ ಹಣ ಕಟ್ಟಿಕೊಂಡು ಹೋದ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳೂ ಅಲ್ಲಿಗೆ ಬಂದರು. ಪ್ಲಾಸಿಯ ಕ್ಲೈವನು ಸಹ ತನ್ನ ರೋಗಗಳಿಗೆ ಬಾತಿನಲ್ಲಿ ಚಿಕಿತ್ಸೆ ಪಡೆದವನೇ. ಆ ಊರಿನ ಹೊಂಬಣ್ಣದ ಕಲ್ಲುಗಳ ಚೆಲುವನ್ನು ಹೊಗಳುವಾಗ ಈ ಲೆಕ್ಕವನ್ನೂ ಮರೆಯಬಾರದು.

ಬಡರೋಗಿಗಳ ಆಸ್ಪತ್ರೆ

ಆದರೂ ನ್ಯಾಶನು ಬಡವರನ್ನು ಪೂರ್ತಿಯಾಗಿ ಮರೆತವನಲ್ಲ. ಬಾತಿನ ನೀರು ವಾತರೋಗಕ್ಕೂ ಪಾರ್ಶ್ವವಾಯುವಿಗೂ ಒಳ್ಳೆಯದೆಂದು ಕೇಳಿ ದೇಶದ ಮೂಲೆಮೂಲೆಗಳಿಂದ ಕೈಯಲ್ಲಿ ಕಾಸಿಲ್ಲದ ರೋಗಿಗಳು ಬರುತ್ತಿದ್ದರು. ಅವರಿಗೊಂದು ಆಸ್ಪತ್ರೆ ಬೇಕೆಂದು ಹಲವರು ಕೂಡಿ ಯತ್ನಿಸಿದರು. ಜಾನ್ ವುಡ್ಡನು ಪ್ರತಿಫಲವಿಲ್ಲದೆ ನಕ್ಷೆ ಮಾಡಿಕೊಟ್ಟನು. ಅಂಚೆಯ ಗುತ್ತಿಗೆಯಿಂದಲೂ ಕಲ್ಲುಗಣಿಗಳಿಂದಲೂ ಸಿರಿವಂತನಾದ ರಾಲ್ಫ್ ಆ್ಯಲನ್ ಕಲ್ಲನ್ನು ಕೊಟ್ಟನು. ವಿಲಿಯಂ ಆಲಿವರ್ ಎಂಬ ವೈದ್ಯನು ಚಿಕಿತ್ಸೆಯ ಹೊಣೆ ಹೊತ್ತನು. ಹಣ ಕೂಡಿಸುವ ಕೆಲಸದಲ್ಲಿ ನ್ಯಾಶನು ಮುಂದಾದನು. ಜೂಜಿನ ಮೇಜಿನಿಂದ ಏಳುವ ಶ್ರೀಮಂತರೆದುರು ತನ್ನ ಬಿಳಿಯ ಟೋಪಿಯನ್ನು ಚಾಚಿ ನಿಲ್ಲುವನು, ಹಾಸ್ಯದಿಂದಲೋ ಪೀಡೆಯಿಂದಲೋ ಅದನ್ನು ತುಂಬಿಸಿಕೊಳ್ಳದೆ ಬಿಡನು. ಆಸ್ಪತ್ರೆಯು 1742ರಲ್ಲಿ ತೆರೆಯಿತು. ಎರಡೂವರೆ ಶತಮಾನಕ್ಕೂ ಮಿಕ್ಕಿ ಅದು ಅದೇ ಸ್ಥಳದಲ್ಲಿ ನಡೆಯಿತು. ನ್ಯಾಶನು ಕಟ್ಟಿಸಿದ ಇತರ ವಿನೋದಗಳೆಲ್ಲ ಮರೆತುಹೋದರೂ ಇದೊಂದು ಪುಣ್ಯ ಉಳಿಯಿತು.

ಇದೇ ಕಾಲದಲ್ಲಿ ಊರಿನ ರೂಪವೂ ಬದಲಾಯಿತು. ವುಡ್ಡನು 1728ರ ಸುಮಾರಿಗೆ ಆರಂಭಿಸಿದ ಕ್ವೀನ್ ಸ್ಕ್ವೇರ್ ಎಂಬ ಚೌಕವು 1736ರ ಹೊತ್ತಿಗೆ ಮುಗಿಯಿತು. 1754ರಲ್ಲಿ ಸರ್ಕಸ್ ಎಂಬ ವರ್ತುಲಾಕಾರದ ಕಟ್ಟಡಗಳಿಗೆ ಅಡಿಗಲ್ಲು ಬಿದ್ದಿತು. ಅದೇ ವರ್ಷ ವುಡ್ಡನು ತೀರಿಕೊಂಡನು, ಅದೇ ಹೆಸರಿನ ಮಗನು ಕೆಲಸ ಮುಂದುವರಿಸಿದನು. ಒಬ್ಬನು ಕಲ್ಲು ಕೊಟ್ಟನು, ಒಬ್ಬನು ಆಕಾರ ಕೊಟ್ಟನು, ಒಬ್ಬನು ಜನರನ್ನು ಕೊಟ್ಟನು. ಮೂವರಲ್ಲಿ ಒಬ್ಬನಿಲ್ಲದಿದ್ದರೂ ಬಾತ್ ಬಾತಾಗುತ್ತಿರಲಿಲ್ಲ.

ಪತನ

ಇಷ್ಟೆಲ್ಲ ವೈಭವಕ್ಕೆ ನ್ಯಾಶನಿಗೆ ಹಣವೆಲ್ಲಿಂದ? ಊರು ಅವನಿಂದ ಸೇವೆ ಪಡೆಯಿತು, ಸಂಬಳ ಕೊಡಲಿಲ್ಲ. ಅವನು ಜೂಜಿನ ಮೇಜಿನಿಂದ ಬದುಕಿದನು. ಅದು ಎಲ್ಲರಿಗೂ ತಿಳಿದಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಅನನುಭವಿಗಳಾದ ತರುಣರು ಆಸ್ತಿಯನ್ನೇ ಒಡ್ಡುವಾಗ ಅವನು ತಡೆಯುತ್ತಿದ್ದದ್ದೂ, ಸೋತವರಿಗೆ ನೆರವಾಗುತ್ತಿದ್ದದ್ದೂ ನಿಜ. ಆದರೆ ಬಾವಿಯ ಬಳಿ ನಿಂತು ಮಕ್ಕಳನ್ನು ಎಚ್ಚರಿಸುವವನೇ ಬಾವಿಗೆ ಹೋಗುವವರಿಂದ ಸುಂಕ ಎತ್ತುತ್ತಿದ್ದರೆ ಅದಕ್ಕೇನು ಹೇಳೋಣ?

1739ರಲ್ಲಿ ಪಾರ್ಲಿಮೆಂಟು ಕೆಲವು ಜೂಜಾಟಗಳನ್ನು ನಿಷೇಧಿಸಿತು. ಆಡುವವರು ಕಾಯಿದೆಯಲ್ಲಿ ಹೆಸರಿಲ್ಲದ ಹೊಸ ಆಟವನ್ನು ಹುಡುಕಿದರು. ಸರಿ-ಬೆಸ ಎಂಬ ಅರ್ಥದ ಎರಡಕ್ಷರದಿಂದ ಅದನ್ನು ಇ.ಓ. ಎಂದು ಕರೆಯುತ್ತಿದ್ದರು. ಅದರ ಮೇಜುಗಳನ್ನಿಟ್ಟವರೊಡನೆ ನ್ಯಾಶನು ಗುಟ್ಟಾಗಿ ಪಾಲುಗಾರನಾದನು. ತಾನು ಅತಿಥಿಗಳನ್ನು ಕಳುಹಿಸುವುದು, ಅವರು ಸೋತದ್ದರಲ್ಲಿ ಪಾಲು ಪಡೆಯುವುದು ಎಂದು ಒಪ್ಪಂದ. 1745ರಲ್ಲಿ ಆ ಆಟವೂ ನಿಷೇಧಕ್ಕೊಳಗಾಯಿತು. ಪಾಲುಗಾರರು ತನಗೆ ಮೋಸ ಮಾಡಿದರೆಂದು ಅವನು ನ್ಯಾಯಾಲಯಕ್ಕೆ ಹೋದನು. ಅದೇ ಅವನಿಗೆ ಮುಳುವಾಯಿತು. ಮೊಕದ್ದಮೆಯೂ ಸೋತಿತು, ಗುಟ್ಟೂ ಬಯಲಾಯಿತು. ನಿಷ್ಪಕ್ಷಪಾತಿಯಾದ ಆತಿಥೇಯನೆಂದು ನಂಬಿದ್ದವನು ತಮ್ಮ ಸೋಲಿನಲ್ಲಿ ಲಾಭಗಾರನಾಗಿದ್ದನೆಂದು ಅತಿಥಿಗಳಿಗೆ ತಿಳಿಯಿತು. ಆ ದಿನದಿಂದ ಅವನ ಬೆರಳಿಗೆ ಹಿಂದಿನ ಬಲ ಉಳಿಯಲಿಲ್ಲ.

ಮುಪ್ಪು ಬಂದಿತು. ಆರು ಕುದುರೆಗಳ ರಥ ಹೋಯಿತು. ಗೆಳೆಯರು ಕೊಟ್ಟಿದ್ದ ನಶ್ಯದ ಡಬ್ಬಿಗಳು ಒಂದೊಂದಾಗಿ ಮಾರಿಹೋದುವು. ಬಾತ್ ಮತ್ತು ಟನ್‌ಬ್ರಿಜಿನ ಚರಿತ್ರೆ ಬರೆಯುವೆನೆಂದು ಅವನು ಚಂದಾ ಎತ್ತಿದನು. ಆ ಪುಸ್ತಕ ಎಂದಿಗೂ ಬರಲಾರದೆಂದು ಬಲ್ಲವರೂ ಮರ್ಯಾದೆಯ ಭಿಕ್ಷೆಯೆಂದು ತಿಳಿದು ಹಣ ಕೊಟ್ಟರು. ಕಡೆಗೆ ನಗರಸಭೆಯು ಪ್ರತಿ ತಿಂಗಳ ಮೊದಲನೆಯ ಸೋಮವಾರ 10 ಗಿನಿಗಳನ್ನು ಕೊಡಲು ಒಪ್ಪಿತು. ಅರ್ಧ ಶತಮಾನದ ಸೇವೆಗೆ ಅದೇ ಅವನ ಮೊದಲ ನಿಶ್ಚಿತ ವೇತನ. ಪಂಪ್ ರೂಮಿನಲ್ಲಿ ಅವನ ಪೂರ್ಣಾಕಾರದ ಶಿಲಾಪ್ರತಿಮೆಯು ಅವನು ಬದುಕಿರುವಾಗಲೇ ನಿಂತಿತ್ತು. ಪ್ರತಿಮೆಯು ಹೊಸ ತಲೆಮಾರಿನ ಅತಿಥಿಗಳನ್ನು ನೋಡುತ್ತಿದ್ದರೆ, ಮೂಲಪುರುಷನು ಬೀದಿಯಲ್ಲಿ ಹಳೆಯ ಕಥೆಗಳನ್ನು ಹೇಳುತ್ತ ಕೇಳುವವರಿಲ್ಲದೆ ಅಲೆಯುತ್ತಿದ್ದನು.

1761ರ ಫೆಬ್ರವರಿ 3ರಂದು, ತನ್ನ 86ನೆಯ ವಯಸ್ಸಿನಲ್ಲಿ ಅವನು ಬಾತಿನಲ್ಲಿಯೇ ತೀರಿಕೊಂಡನು. ಅಂತ್ಯಕ್ರಿಯೆಗೆ ನಗರಸಭೆಯು 50 ಗಿನಿಗಳನ್ನು ಮಂಜೂರು ಮಾಡಿತು. ಧರ್ಮಶಾಲೆಯ ಬಾಲಕರು ಸ್ತೋತ್ರ ಹಾಡುತ್ತ ಮುಂದೆ ನಡೆದರು. ನಗರಸಭೆಯ ಹಿರಿಯರು ಶವವಸ್ತ್ರದ ಅಂಚು ಹಿಡಿದರು. ಬೀದಿ ತುಂಬಿ ಮನೆಗಳ ಮಾಡುಗಳ ಮೇಲೂ ಜನರು ನಿಂತಿದ್ದರು. ಬಾತಿನ ದೊಡ್ಡ ಇಗರ್ಜಿಯಲ್ಲಿ ಅವನನ್ನು ಸಮಾಧಿ ಮಾಡಲಾಯಿತು. ಮರುವರ್ಷವೇ, 1762ರಲ್ಲಿ, ಆಲಿವರ್ ಗೋಲ್ಡ್‌ಸ್ಮಿತ್ ಎಂಬ ಪ್ರಸಿದ್ಧ ಸಾಹಿತಿಯು ಅವನ ಜೀವನಚರಿತ್ರೆಯನ್ನು ಬರೆದನು. ನಮಗೆ ಇಂದು ತಿಳಿದಿರುವ ಕಥೆಗಳಲ್ಲಿ ಬಹುಪಾಲು ಅದರಿಂದಲೇ ಬಂದುವು.

ಅವನ ಬಳಿಕ ಊರು

ದೊರೆಯು ಹೋದರೂ ಊರು ಬೆಳೆಯಿತು. ಕಿರಿಯ ವುಡ್ಡನು ಅರ್ಧಚಂದ್ರಾಕಾರದ ರಾಯಲ್ ಕ್ರೆಸೆಂಟ್ ಕಟ್ಟಿದನು, 1771ರಲ್ಲಿ ಹೊಸ ಸಭಾಗೃಹ ತೆರೆಯಿತು. 1801ರ ಮೊದಲ ಜನಗಣತಿಯ ಹೊತ್ತಿಗೆ ಜನಸಂಖ್ಯೆಯು 30,000ವನ್ನು ಮೀರಿತ್ತು. ಆಮೇಲೆ ಶ್ರೀಮಂತರು ಸಮುದ್ರತೀರಗಳ ಕಡೆಗೆ ತಿರುಗಿದಾಗ ಊರು ಮಂಕಾಯಿತು. ಭೂಮಿಯೊಳಗಿನಿಂದ ರೋಮನರ ಕೊಳ ಎದ್ದು ಬಂದ ಮೇಲೆ ಮತ್ತೆ ಕಳೆಯೇರಿತು. 1987ರಲ್ಲಿ ಯುನೆಸ್ಕೋ ಸಂಸ್ಥೆಯು ಇಡೀ ನಗರವನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. 2021ರಲ್ಲಿ ಯೂರೋಪಿನ ಮಹಾ ಚಿಕಿತ್ಸಾಜಲ ಪಟ್ಟಣಗಳಲ್ಲಿ ಒಂದಾಗಿ ಎರಡನೆಯ ಸಲ ಆ ಗೌರವ ದೊರೆಯಿತು. ರೋಮನ್ ಕೊಳದಲ್ಲಿ ಈಗ ಯಾರನ್ನೂ ಇಳಿಯಗೊಡುವುದಿಲ್ಲ. ಮೀಯುವವರಿಗಾಗಿ 2006ರಲ್ಲಿ ಬೇರೆ ಸ್ನಾನಗೃಹ ತೆರೆದಿದ್ದಾರೆ. ಪಂಪ್ ರೂಮಿನಲ್ಲಿ ನ್ಯಾಶನ ಪ್ರತಿಮೆಯು ಈಗಲೂ ಇದೆ.

ಈ ಬಾಳಿನಿಂದ ನಾವು ತಿಳಿಯಬೇಕಾದದ್ದೇನು? ಮೊದಲನೆಯದಾಗಿ, ಒಂದು ಊರಿನ ಹೆಸರು ಅಲ್ಲಿಯ ನೀರಿನಲ್ಲಿ ಅಥವಾ ಕಲ್ಲಿನಲ್ಲಿ ಮಾತ್ರ ಇರುವುದಿಲ್ಲ. ಗುಡಿಸಿದ ನೆಲದಲ್ಲಿ, ಬರೆದು ಹಾಕಿದ ದರದಲ್ಲಿ, ಹೊರೆಯಾಳಿನ ನಿಶ್ಚಿತ ಕೂಲಿಯಲ್ಲಿ, ಹೊತ್ತಿಗೆ ಸರಿಯಾಗಿ ಆರುವ ದೀಪದಲ್ಲಿಯೂ ಇರುತ್ತದೆ. ಬಾತಿನ ಬಿಸಿನೀರು ನ್ಯಾಶನಿಗಿಂತ ಸಾವಿರಾರು ವರ್ಷ ಮೊದಲೇ ಇತ್ತು. ಬರುವವರಿಗೆ ಹಿತವಾಗುವಂತೆ ಊರು ತಿದ್ದಿಕೊಂಡ ಮೇಲೆಯೇ ಅದರ ಬೆಲೆ ಲೋಕಕ್ಕೆ ತಿಳಿಯಿತು. ಊರು ಬಿಟ್ಟು ಬಂದ ನಮ್ಮಲ್ಲಿ ಪ್ರತಿಯೊಬ್ಬನಿಗೂ ಒಂದು ಕಡಲತಡಿಯೋ ತೇರೋ ಹೊಳೆಯ ತಿರುವೋ ನೆನಪಿನಲ್ಲಿದೆ. ರಜೆಯಲ್ಲಿ ಅಲ್ಲಿಗೆ ಹೋದಾಗ ಅದರ ಚೆಲುವನ್ನು ಹೊಗಳಿ ಹಿಂದಿರುಗಿದರೆ ಸಾಲದು. ಬರುವ ಪರಸ್ಥಳದವನಿಗೆ ಅಲ್ಲಿ ಶುಚಿಯಾದ ಒಂದು ಕೋಣೆ, ನ್ಯಾಯವಾದ ಒಂದು ಊಟ ಸಿಗುವುದೇ ಎಂದೂ ಊರಿನ ಹಿರಿಯರನ್ನು ಕೇಳಬೇಕು. ಆ ವಿದ್ಯೆಯನ್ನು ದೂರದ ನಗರಗಳ ಹೊಟೇಲುಗಳಲ್ಲಿ ಕಲಿತವರು ನಮಗಿಂತ ಹೆಚ್ಚು ಯಾರಿದ್ದಾರೆ?

ಎರಡನೆಯದಾಗಿ, ಸೇವೆಗೆ ಬಹಿರಂಗವಾದ ವೇತನವಿರಬೇಕು. ಬಾತಿನ ನಗರಸಭೆಯು ತಿಂಗಳಿಗೆ ಹತ್ತು ಗಿನಿಗಳನ್ನು ಐವತ್ತು ವರ್ಷ ಮೊದಲೇ ಕೊಟ್ಟಿದ್ದರೆ ನ್ಯಾಶನು ಗುಟ್ಟಿನ ಪಾಲಿಗೆ ಕೈಚಾಚುತ್ತಿರಲಿಲ್ಲವೆಂದು ಖಂಡಿತವಾಗಿ ಹೇಳಲಾರೆವು. ಅವನ ಕೈ ಬಹಳ ಧಾರಾಳದ ಕೈ. ಆದರೆ ನೆಪವಾದರೂ ಇಲ್ಲದಂತಾಗುತ್ತಿತ್ತು. ಕೆಲಸಗಾರನಿಗೆ ತಕ್ಕಷ್ಟು ಕೊಡದೆ ಅವನ ಪ್ರಾಮಾಣಿಕತೆಯನ್ನು ಮಾತ್ರ ಬೇಡುವ ಮಾಲಿಕರೂ, ಗಿರಾಕಿಯ ನಂಬಿಕೆಯನ್ನು ಗುಟ್ಟಾಗಿ ಮಾರಿಕೊಳ್ಳುವ ಕೆಲಸಗಾರರೂ ಈ ಕಥೆಯಲ್ಲಿ ತಮ್ಮ ತಮ್ಮ ಪಾಲನ್ನು ಕಾಣಬಹುದು.

ಕೊನೆಯದಾಗಿ, ಸಂಬಳದ ದಿನ ರಾತ್ರಿ ಇಸ್ಪೀಟಿನ ಸುತ್ತ ಕೂರುವ ನಮ್ಮ ತರುಣ ಮಿತ್ರರಿಗೆ ಒಂದು ಮಾತು. ಡ್ಯೂಕರ ಕತ್ತಿ ಬಿಚ್ಚಿಸಿದವನು, ರಾಜಕುಮಾರಿಗೆ ಇಲ್ಲವೆಂದವನು, ಒಂದು ಆಸ್ಪತ್ರೆಗೆ ಟೋಪಿ ಹಿಡಿದು ಹಣ ಕೂಡಿಸಿದವನು, ತನ್ನ ಮುಪ್ಪಿಗೆಂದು ಒಂದು ಗಿನಿಯನ್ನೂ ಕೂಡಿಡಲಿಲ್ಲ. ಗೆದ್ದ ಹಣವು ನಿಲ್ಲುವುದಿಲ್ಲವೆಂಬುದಕ್ಕೆ ಅವನಿಗಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಊರಿನ ಮನೆಗೆ ಕಳುಹಿಸಿದ ಮನಿಆರ್ಡರಿನ ಹಣ, ಅಂಚೆ ಕಚೇರಿಯ ಪುಸ್ತಕದಲ್ಲಿ ಬರೆಸಿದ ಹಣ, ಅದು ಮಾತ್ರ ದುಡಿದವನದು.